ದೇವರಿಗೆ ಕೈಮುಗಿದು ವೋಟು ಹಾಕಬಹುದು, ಆಣೆ ಇಟ್ಟು ಹಾಕಿಸಬಾರದು

ಪ್ರಶ್ನೆ: ನಾನು ದೈವಭಕ್ತ. ಬೆಳಗ್ಗೆ ಪೂಜೆ ಆಗದೆ ಮನೆಯಿಂದ ಹೊರಡುವವನಲ್ಲ. ಪ್ರಜಾಪ್ರಭುತ್ವದಲ್ಲಿ ಧರ್ಮ ಮನೆಯ ಹೊಸಿಲು ದಾಟಬಾರದು ಎಂದು ನನ್ನ ಗೆಳೆಯ ವಾದ ಮಾಡುತ್ತಾನೆ. ಹಾಗಾದರೆ ನನ್ನ ನಂಬಿಕೆ ನೋಡಿಕೊಂಡು ವೋಟು ಹಾಕುವುದು ತಪ್ಪಾ? ನಮ್ಮ ಮಠದ ಸ್ವಾಮೀಜಿ ಒಬ್ಬ ಅಭ್ಯರ್ಥಿಯ ಪರ ಮಾತಾಡಿದರೆ ಅದು ಕಾನೂನಿಗೆ ವಿರುದ್ಧವಾ? ಇನ್ನೊಂದು ವಿಷಯ. ಕಳೆದ ಚುನಾವಣೆಯಲ್ಲಿ ನಮ್ಮ ಬೀದಿಗೆ ಬಂದವರು ದೇವರ ಫೋಟೋ ಮುಟ್ಟಿಸಿ ಆಣೆ ಹಾಕಿಸಿಕೊಂಡು ದುಡ್ಡು ಹಂಚಿದರು. ನಮ್ಮ ಮನೆಯವರು ತೆಗೆದುಕೊಂಡರು. ಆಮೇಲೆ ಆಣೆಗೆ ಹೆದರಿ ಅವರು ಹೇಳಿದವರಿಗೇ ವೋಟು ಹಾಕಿದರು. ಇದರ ಬಗ್ಗೆ ಕಾನೂನು ಏನಾದರೂ ಹೇಳುತ್ತದೆಯೇ?

ಉತ್ತರ: ನೀವು ಕೊನೆಗೆ 'ಇನ್ನೊಂದು ವಿಷಯ' ಎಂದು ಸೇರಿಸಿದ್ದೀರಲ್ಲ, ನನ್ನ ಪ್ರಕಾರ ಮೂರರಲ್ಲಿ ಅದೇ ದೊಡ್ಡದು. ಆದರೆ ಮೊದಲಿನ ಎರಡನ್ನು ಬಿಡಿಸಿಕೊಳ್ಳದೆ ಅಲ್ಲಿಗೆ ಹೋಗಲು ಆಗುವುದಿಲ್ಲ.

ನಿಮ್ಮ ವೋಟಿನ ವಿಷಯ ಸುಲಭ. ಯಾವ ಕಾರಣಕ್ಕೆ ಯಾರಿಗೆ ಹಾಕಿದಿರಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ, ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಂತಾಗಲೂ ನಿಮ್ಮ ವೋಟು ಯಾರಿಗೆ ಹೋಯಿತು ಎಂದು ಹೇಳಬೇಕಾಗಿಲ್ಲ. ನಮ್ಮೂರ ಹುಡುಗ ಅಂತ ಹಾಕಬಹುದು. ನನ್ನ ಹಾಗೆ ವಿಭೂತಿ ಹಚ್ಚುತ್ತಾನೆ ಅಂತ ಹಾಕಬಹುದು. ದೇವರು ದಿಂಡರು ಅನ್ನುವವನಲ್ಲ, ಅದಕ್ಕೇ ಇಷ್ಟ ಅಂತಲೂ ಹಾಕಬಹುದು. ಅವು ಒಳ್ಳೆಯ ಕಾರಣಗಳೋ ಅಲ್ಲವೋ ಎಂದು ನಿಮ್ಮ ಗೆಳೆಯ ಜಗಳ ಆಡಲಿ, ಅದು ಅವನ ಹಕ್ಕು. ಕಾನೂನು ಕೈ ಹಾಕುವುದು ವೋಟು ಕೇಳುವವನ ಮೇಲೆ. ಹಾಕುವವನ ಮನಸ್ಸಿನ ಒಳಗೆ ಅದು ಇಣುಕುವುದಿಲ್ಲ.

ಇನ್ನು ಗೆಳೆಯನ ವಾದ. ಧರ್ಮ ಹೊಸಿಲು ದಾಟಬಾರದು ಎಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ನಮ್ಮ ಸಂವಿಧಾನ ಹಾಗೆ ಹೇಳುವುದಿಲ್ಲ. 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಹೊಸಿಲು ದಾಟದೆ ಪ್ರಚಾರ ಹೇಗೆ ಮಾಡುವುದು, ಅಲ್ವಾ? ಅಮೆರಿಕದಲ್ಲಿ 1950, 60ರ ದಶಕದ ಕರಿಯರ ಹಕ್ಕಿನ ಹೋರಾಟ ಬೆಳೆದದ್ದೇ ಚರ್ಚುಗಳಲ್ಲಿ. ಅದರ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಒಬ್ಬ ಪಾದ್ರಿ. ನಮ್ಮಲ್ಲಿ ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮಕ್ಕೆ ಸೇರಿದ್ದು ಬರೀ ಸ್ವಂತ ನಂಬಿಕೆಯ ವಿಷಯ ಆಗಿರಲಿಲ್ಲ. ಲಕ್ಷಾಂತರ ಜನರ ಎದುರಿಗೆ, ಅವರ ಜೊತೆಗೆ ಮಾಡಿದ ಕೆಲಸ ಅದು. ಅದರಲ್ಲಿ ರಾಜಕೀಯ ಇರಲಿಲ್ಲ ಎಂದು ಯಾರು ಹೇಳುತ್ತಾರೆ? (ಇಂಥ ಚರ್ಚೆಯಲ್ಲಿ ಬಸವಣ್ಣನವರನ್ನು, ಅನುಭವ ಮಂಟಪವನ್ನು ಎಳೆದು ತರುವುದು ಈಗ ರೂಢಿ. ನಾನು ತರುವುದಿಲ್ಲ. ಅವರು ದೊಡ್ಡವರು ನಿಜ. ಆದರೆ ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಚುನಾವಣೆ ಇರಲಿಲ್ಲ. ನಿಮ್ಮ ಪ್ರಶ್ನೆ ಇರುವುದು ಚುನಾವಣೆಯ ಬಗ್ಗೆ.)

ನಂಬಿಕೆ ಇರುವ ಜನರೇ ಕೂತು, ನಂಬಿಕೆಯನ್ನು ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನ ಮಾಡಿದ ಒಂದು ದಿನ ನಮ್ಮ ಚರಿತ್ರೆಯಲ್ಲಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1949ರ ಅಕ್ಟೋಬರ್ 17. ಸಂವಿಧಾನ ರಚನಾ ಸಭೆಯಲ್ಲಿ ಪೀಠಿಕೆಯ ಚರ್ಚೆ. ಮಂಗಳೂರಿನಲ್ಲಿ ಹುಟ್ಟಿದ, ಐಸಿಎಸ್ ಕೆಲಸ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದ ಎಚ್.ವಿ. ಕಾಮತ್ ಎದ್ದು ನಿಂತು, ಪೀಠಿಕೆ 'ದೇವರ ಹೆಸರಿನಲ್ಲಿ' ಎಂದು ಶುರುವಾಗಲಿ ಎಂದರು. ಸಭೆಯಲ್ಲಿದ್ದವರಲ್ಲಿ ಬಹಳಷ್ಟು ಜನ ಆಸ್ತಿಕರೇ. ಅಧ್ಯಕ್ಷರ ಕುರ್ಚಿಯಲ್ಲಿದ್ದ ರಾಜೇಂದ್ರ ಪ್ರಸಾದರಂತೂ ದೊಡ್ಡ ದೈವಭಕ್ತರು. ಸುಲಭವಾಗಿ ಪಾಸಾಗಬೇಕಿತ್ತು. ಆಗಲಿಲ್ಲ.

ಯಾಕೆ ಆಗಲಿಲ್ಲ ಎನ್ನುವುದರಲ್ಲಿ ಸ್ವಾರಸ್ಯ ಇದೆ. ಶಿಬ್ಬನ್‌ಲಾಲ್ ಸಕ್ಸೇನಾ ಅವರಿಗೆ ದೇವರ ಜೊತೆ ಗಾಂಧೀಜಿಯ ಹೆಸರೂ ಬೇಕಿತ್ತು. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ, ನಾವು ಶಾಕ್ತರು, ಬರೀ ದೇವರು ಅಂದರೆ ದೇವಿಯ ಗತಿ ಏನು ಎಂದು ತಕರಾರು ತೆಗೆದರು. ದೇವರ ಹೆಸರು ಎತ್ತಿದ ಕೂಡಲೇ ಯಾವ ದೇವರು ಎಂಬ ಪ್ರಶ್ನೆ ಬಂತು, ಅದೂ ಒಂದೇ ಧರ್ಮದವರ ನಡುವೆ! ತಿರುವಾಂಕೂರಿನ ಪಟ್ಟಂ ಥಾನು ಪಿಳ್ಳೈ ತಾವು ಆಸ್ತಿಕರು ಎಂದು ಹೇಳಿಕೊಂಡೇ ವಿರೋಧಿಸಿದರು. ದೇವರನ್ನು ನಂಬುವ, ನಂಬದಿರುವ ಸ್ವಾತಂತ್ರ್ಯ ಎಲ್ಲರಿಗೂ ಕೊಟ್ಟಿದ್ದೇವೆ, ಈಗ ಇದನ್ನು ಸೇರಿಸಿದರೆ ಅದು ಬಲವಂತ ಆಗುತ್ತದೆ ಎಂಬುದು ಅವರ ವಾದ. ಹೃದಯನಾಥ ಕುಂಜ್ರು ಅವರ ಮಾತೂ ಅದೇ ದಾರಿಯದು. ಪ್ರತಿಯೊಬ್ಬನ ಅಂತರಂಗಕ್ಕೆ ಸೇರಿದ ವಿಷಯದಲ್ಲಿ ಬಹುಮತದ ಅಭಿಪ್ರಾಯವನ್ನು ಹೇರಬಾರದು ಎಂದರು. ದೇವರನ್ನು ವೋಟಿಗೆ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕಾಮತರನ್ನು ಕೇಳಿಕೊಂಡರು. ಕಾಮತ್ ಕೇಳಲಿಲ್ಲ, ಎಣಿಕೆ ಆಗಲೇಬೇಕು ಎಂದರು. ಎಣಿಕೆ ಆಯಿತು. ದೇವರ ಪರ 41, ವಿರುದ್ಧ 68.

ಆ 68 ಜನರೆಲ್ಲ ನಾಸ್ತಿಕರೇನಲ್ಲ. ದೇವರು ಇಲ್ಲ ಎಂದು ಅವರು ಹೇಳಲಿಲ್ಲ. ನನ್ನ ದೇವರನ್ನು ನಿನ್ನ ಬಾಯಲ್ಲಿ ಹೇಳಿಸುವುದಿಲ್ಲ ಎಂದರು, ಅಷ್ಟೇ. ಅದೇ ಸಭೆ ಮೂರನೇ ಅನುಸೂಚಿಯಲ್ಲಿ ಶಾಸಕರು, ಮಂತ್ರಿಗಳು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರನ್ನು ಬಿಟ್ಟು ದೃಢೀಕರಿಸಬಹುದು ಎಂದು ಎರಡೂ ದಾರಿ ಇಟ್ಟಿತು. ಒಬ್ಬ ವ್ಯಕ್ತಿ ತನ್ನ ಬಗ್ಗೆ ಮಾತಾಡುವಾಗ ದೇವರು ಇರಬಹುದು. ಎಲ್ಲರ ಪರವಾಗಿ ಮಾತಾಡುವ ಪೀಠಿಕೆಯಲ್ಲಿ ಬೇಡ. ಎರಡೇ ದಾರಿ ಇದ್ದರೂ ನಮ್ಮ ವಿಧಾನಸೌಧದಲ್ಲಿ ಗುರುಗಳ ಹೆಸರಿನಲ್ಲಿ, ರೈತರ ಹೆಸರಿನಲ್ಲಿ, ಮನೆದೇವರ ಹೆಸರಿನಲ್ಲಿ ಪ್ರಮಾಣ ಮಾಡುವವರನ್ನು ನೀವೂ ಟೀವಿಯಲ್ಲಿ ನೋಡಿರುತ್ತೀರಿ. ನನಗೆ ಅದು ನಗು ತರಿಸುತ್ತದೆಯೇ ಹೊರತು ಸಿಟ್ಟು ತರಿಸುವುದಿಲ್ಲ.

ನನ್ನ ಪೂರ್ತಿ ಉತ್ತರ ಇದರ ಮೇಲೆಯೇ ನಿಂತಿದೆ. ನಂಬಿಕೆ ರಾಜಕೀಯಕ್ಕೆ ಬರಬಹುದೇ ಎನ್ನುವುದಕ್ಕಿಂತ, ಅದು ಬಂದಾಗ ಎದುರಿಗೆ ಇರುವವನು ಹೆದರದೆ 'ಬೇಡ' ಅನ್ನಬಹುದೇ ಎನ್ನುವುದನ್ನು ನೋಡಬೇಕು. ಬೇಡ ಅನ್ನಬಹುದಾದರೆ ಬರಲಿ. ಅನ್ನಲು ಆಗದ ಹಾಗೆ ಬಂದರೆ ಅದು ಭಕ್ತಿಯ ವೇಷ ಹಾಕಿದ ದಬ್ಬಾಳಿಕೆ.

ಇಲ್ಲಿ ನಿಮ್ಮ ಗೆಳೆಯ ಒಂದು ಒಳ್ಳೆಯ ಪ್ರಶ್ನೆ ಕೇಳಬಹುದು. ವೋಟು ಹಾಗಿರಲಿ, ಕಾನೂನು ಮಾಡುವಾಗ? ನನ್ನ ಧರ್ಮ ಹೇಳುತ್ತದೆ ಎಂಬ ಕಾರಣ ಸದನದಲ್ಲಿ ನಡೆಯುತ್ತದೆಯೇ? ಎಲ್ಲರೂ ಒಪ್ಪಬಹುದಾದ, ತೂಗಿ ನೋಡಬಹುದಾದ ಕಾರಣಗಳನ್ನು ಮಾತ್ರ ಕೊಡಬೇಕು, ಶಾಸ್ತ್ರ ಪುರಾಣಗಳನ್ನು ಹೊರಗೆ ಬಿಟ್ಟು ಬರಬೇಕು ಎನ್ನುವ ವಾದ ರಾಜಕೀಯ ಚಿಂತಕರಲ್ಲಿ ಬಹಳ ಹಳೆಯದು. ಪುಸ್ತಕದಲ್ಲಿ ಓದಲು ಸರಿಯಾಗಿದೆ. ನಮ್ಮಲ್ಲಿ ಅದು ಹೇಗೆ ಕೆಲಸ ಮಾಡಿತು ನೋಡಿ.

1948ರ ನವೆಂಬರ್ 24ರಂದು ಇದೇ ರಚನಾ ಸಭೆಯಲ್ಲಿ ಗೋಹತ್ಯೆಯ ಚರ್ಚೆ. ಈಗ 48ನೇ ವಿಧಿ ಆಗಿರುವುದು ಆಗ ಬಂತು. ತಿದ್ದುಪಡಿ ತಂದ ಪಂಡಿತ್ ಠಾಕೂರ್ ದಾಸ್ ಭಾರ್ಗವ ಹೆಚ್ಚಾಗಿ ಬೇಸಾಯ, ಹಾಲು, ಎತ್ತುಗಳ ಲೆಕ್ಕ ಹೇಳಿದರು. ವಿಧಿಯ ಮಾತು ಕೂಡ ಕೃಷಿ, ಪಶುಸಂಗೋಪನೆ, ವೈಜ್ಞಾನಿಕ ಪದ್ಧತಿ ಎಂದೇ ಶುರುವಾಗುತ್ತದೆ. ಆಗ ಸಂಯುಕ್ತ ಪ್ರಾಂತ್ಯದ ಜೆಡ್.ಎಚ್. ಲಾರಿ ಎದ್ದರು. ನಿಮ್ಮ ಮನಸ್ಸಿನಲ್ಲಿ ಇರುವುದನ್ನು ಸ್ಪಷ್ಟವಾಗಿ ಹೇಳಿಬಿಡಿ, ಮಬ್ಬಾಗಿ ಬಿಡಬೇಡಿ ಎಂದು ಕೇಳಿದರು. ಅಸ್ಸಾಮಿನ ಸೈಯದ್ ಮುಹಮ್ಮದ್ ಸಾದುಲ್ಲಾ ಇನ್ನೂ ಮುಂದೆ ಹೋದರು. ಇದು ನಮ್ಮ ಧರ್ಮ, ಅದಕ್ಕಾಗಿ ಗೋವಿನ ರಕ್ಷಣೆ ಬೇಕು ಎಂದು ನೀವು ನೇರವಾಗಿ ಹೇಳಿದರೆ ನಾನು ಅಡ್ಡ ಬರುವುದಿಲ್ಲ. ಆದರೆ ಆರ್ಥಿಕ ಕಾರಣ ಮುಂದಿಟ್ಟರೆ ಹಿಂಬಾಗಿಲಿನಿಂದ ಬರುತ್ತಿದ್ದೀರಿ ಎಂಬ ಅನುಮಾನ ಬರುತ್ತದೆ. ಇದು ಅವರ ಮಾತಿನ ಸಾರ.

ನಾನು ಈ ಚರ್ಚೆಯನ್ನು ಮತ್ತೆ ಮತ್ತೆ ಓದುತ್ತೇನೆ. ಅಲ್ಪಸಂಖ್ಯಾತ ಸದಸ್ಯರೇ ಬಹುಸಂಖ್ಯಾತರಿಗೆ, ನಿಮ್ಮ ಧರ್ಮದ ಕಾರಣವನ್ನು ಮುಚ್ಚಿಡಬೇಡಿ ಎಂದರು! ಧರ್ಮದ ಕಾರಣ ಬಾಯಿ ಬಿಡಬಾರದು ಎಂಬ ನಿಯಮ ಇಟ್ಟರೆ ಕಾರಣ ಎಲ್ಲೂ ಹೋಗುವುದಿಲ್ಲ. ಅಂಕಿ ಅಂಶದ ಅಂಗಿ ತೊಟ್ಟು ಬರುತ್ತದೆ. ಆಮೇಲೆ ಅದನ್ನು ಪ್ರಶ್ನಿಸುವುದು ಹೇಗೆ? ಹಾಲಿನ ಲೆಕ್ಕ ತಪ್ಪು ಎಂದು ತೋರಿಸಿದರೂ ಪ್ರಯೋಜನ ಇಲ್ಲ, ಯಾಕೆಂದರೆ ಹಾಲು ನಿಜವಾದ ಕಾರಣ ಆಗಿರಲೇ ಇಲ್ಲ. ನಮ್ಮ ರಾಜ್ಯದಲ್ಲೂ ಗೋಹತ್ಯೆ ತಡೆಯುವ 1964ರ ಕಾಯ್ದೆ ಬಂತು, 2020ರ ಕಾಯ್ದೆ ಬಂತು, ಪ್ರತಿ ಸಲ ಇದೇ ಜೋಡಿ ಮಾತು ನಡೆಯಿತು. ಆದ್ದರಿಂದ ನಿಮಗೆ ನನ್ನ ಸಲಹೆ: ನಂಬಿಕೆಯೇ ಕಾರಣ ಆಗಿದ್ದರೆ ಹಾಗೆಂದು ಹೇಳಿ. ಆದರೆ ಅಲ್ಲಿಗೇ ನಿಲ್ಲಬೇಡಿ. ಆ ಕಾನೂನಿನ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನೋಡಿ. ಮುದಿ ಎತ್ತನ್ನು ಮಾರಲಾಗದ ರೈತ, ಚರ್ಮದ ಕೆಲಸದವನು, ದನದ ಮಾಂಸ ತಿನ್ನುವವನು. ಅವರಿಗೆ ನಿಮ್ಮ ಶಾಸ್ತ್ರ ಉತ್ತರ ಆಗುವುದಿಲ್ಲ. ಅವರಿಗೆ ಅರ್ಥ ಆಗುವ ಮಾತಿನಲ್ಲಿ ಉತ್ತರ ಕೊಡಬೇಕಾದ್ದು ನಿಮ್ಮ ಜವಾಬ್ದಾರಿ.

ಇದಕ್ಕೆ ಎದುರು ದಿಕ್ಕಿನ ಒಂದು ಪ್ರಸಂಗ ದಕ್ಷಿಣ ಕನ್ನಡದಲ್ಲೇ ನಡೆದಿದೆ. ಮೂಲ್ಕಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತರದು. 1947ರ ಮದ್ರಾಸ್ ದೇವಾಲಯ ಪ್ರವೇಶ ಕಾಯ್ದೆ ಬಂದಾಗ ಅವರು, ಇದು ನಮ್ಮ ಪಂಗಡದ ಗುಡಿ, ಯಾರು ಒಳಗೆ ಬರಬೇಕು ಎನ್ನುವುದು ಧಾರ್ಮಿಕ ವಿಷಯ ಎಂದು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ 1957ರ ಕೊನೆಯಲ್ಲಿ ತೀರ್ಪು ಕೊಟ್ಟಿತು. ಹೌದು, ಇದು ಪಂಗಡದ ದೇವಸ್ಥಾನವೇ, ಪ್ರವೇಶ ಧಾರ್ಮಿಕ ವಿಷಯವೇ. ಆದರೂ ಎಲ್ಲ ಹಿಂದೂಗಳಿಗೆ ಬಾಗಿಲು ತೆರೆಯುವ ಕಾನೂನು ಮಾಡಲು 25ನೇ ವಿಧಿ ಅವಕಾಶ ಕೊಟ್ಟಿದೆ, ಅದೇ ಮೇಲು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಪಂಗಡದವರಿಗೆ ಉಳಿಸಿಕೊಟ್ಟಿತು. ಜನ ಆರಿಸಿದ ಸದನ ಗರ್ಭಗುಡಿಯ ತನಕ ಹೋಗಬಹುದು ಎಂದಾಯಿತು. ಇಂದು ಮುಜರಾಯಿ ಇಲಾಖೆ ಬೇಡ ಎನ್ನುವವರೂ, ಇನ್ನಷ್ಟು ಬೇಕು ಎನ್ನುವವರೂ ಹಿಡಿಯುವುದು ಇದೇ 25ನೇ ವಿಧಿಯನ್ನು. ಧರ್ಮ ಹೊಸಿಲು ದಾಟಬಾರದು ಎನ್ನುವ ನಿಮ್ಮ ಗೆಳೆಯ, ಸರ್ಕಾರವೂ ಗುಡಿಯ ಹೊಸಿಲು ದಾಟಬಾರದು ಅನ್ನುತ್ತಾನೆಯೇ ಎಂದು ಒಮ್ಮೆ ಕೇಳಿ ನೋಡಿ.

ಈಗ ಸ್ವಾಮೀಜಿಯ ವಿಷಯ. ಕರ್ನಾಟಕದಲ್ಲಿ ಸ್ವಾಮೀಜಿಗಳು ರಾಜಕೀಯದಿಂದ ದೂರ ಇರಲಿ ಎನ್ನುವುದು ಸುಮ್ನೆ ಮಾತು. ಮಠಗಳು ಶಾಲೆ, ಕಾಲೇಜು, ಹಾಸ್ಟೆಲ್ ನಡೆಸುತ್ತವೆ. ಸರ್ಕಾರದ ಅನುದಾನ ಬರುತ್ತದೆ. 2021ರ ಜನವರಿಯಲ್ಲಿ ಪಂಚಮಸಾಲಿಗಳಿಗೆ 2ಎ ಮೀಸಲಾತಿ ಕೇಳಿ ಕೂಡಲಸಂಗಮದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಿತು. ಮುಂದೆ ಇದ್ದವರು ಪೀಠದ ಸ್ವಾಮೀಜಿ. ಅದೇ ಹೊತ್ತಿಗೆ ಕುರುಬರಿಗೆ ಎಸ್‌ಟಿ ಸ್ಥಾನ ಕೇಳಿ ಕಾಗಿನೆಲೆಯಿಂದ ಇನ್ನೊಂದು ಹೊರಟಿತು. ಅಲ್ಲೂ ಮುಂದೆ ಸ್ವಾಮೀಜಿಯೇ. ನಮ್ಮಲ್ಲಿ ಧರ್ಮ ಎಂದು ಹೇಳುವುದರಲ್ಲಿ ಅರ್ಧ ಪಾಲು ಜಾತಿ ಇರುತ್ತದೆ, ಇದನ್ನು ಮರೆತು ಮಾತಾಡಿದರೆ ಮಾತು ಗಾಳಿಯಲ್ಲಿ ತೇಲುತ್ತದೆ. ಸರ್ಕಾರದ ಮುಂದೆ ಹೋಗಿ ಬೇಡಿಕೆ ಇಡುವುದು ಪ್ರಜಾಪ್ರಭುತ್ವದ ಕೆಲಸ. ಕಾವಿ ಉಟ್ಟ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಸರ್ಕಾರ ಆಗಲ್ಲ ಅನ್ನಬಹುದು, ಅಂದಿದೆ ಕೂಡ.

ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಹೆಸರು ಹಿಡಿದು ಹೇಳಿದಾಗ ಏನು? ಇದಕ್ಕೆ ಸುಪ್ರೀಂ ಕೋರ್ಟ್ 1959ರಲ್ಲೇ ಉತ್ತರ ಕೊಟ್ಟಿದೆ. ರಾಮ್ ದಯಾಳ್ ಮತ್ತು ಸಂತ್ ಲಾಲ್ ನಡುವಿನ ಪ್ರಕರಣ. ಆಗಿನ ಪಂಜಾಬಿನ ಸಿರ್ಸಾ ಕ್ಷೇತ್ರದಲ್ಲಿ ನಾಮಧಾರಿ ಸಿಖ್ಖರ ಸದ್ಗುರುಗಳು ಒಬ್ಬ ಅಭ್ಯರ್ಥಿಗೇ ವೋಟು ಹಾಕಬೇಕು ಎಂದು ಹುಕುಂ ಹೊರಡಿಸಿದ್ದರು. ಆ ಅಭ್ಯರ್ಥಿ ಗೆದ್ದರು, ಆದರೆ ಆಯ್ಕೆ ರದ್ದಾಯಿತು. ಕೋರ್ಟ್ ಹೇಳಿದ್ದು ಇಷ್ಟು. ಧರ್ಮಗುರುವಿಗೂ ಎಲ್ಲರ ಹಾಗೆ ಅಭಿಪ್ರಾಯ ಹೇಳುವ ಸ್ವಾತಂತ್ರ್ಯ ಇದೆ. ಇವನು ಅವನಿಗಿಂತ ಮೇಲು ಎನ್ನಬಹುದು, ಪರವಾಗಿ ಪ್ರಚಾರವನ್ನೂ ಮಾಡಬಹುದು. ಆದರೆ ಭಕ್ತನಿಗೆ ಬೇರೆ ಆಯ್ಕೆಯೇ ಇಲ್ಲ, ಮಾತು ಮೀರಿದರೆ ಗುರುವಿನ, ದೇವರ ಅವಕೃಪೆಗೆ ಗುರಿಯಾಗುತ್ತೇನೆ ಎಂಬ ಭಾವನೆ ಬರುವ ಹಾಗೆ ಹೇಳಿದರೆ ಅದು ಅನುಚಿತ ಪ್ರಭಾವ.

ಇದು ಜಡ್ಜುಗಳು ತಾವಾಗಿ ಕಟ್ಟಿದ್ದಲ್ಲ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್‌ನ ಎರಡನೇ ಉಪಸೆಕ್ಷನ್‌ನಲ್ಲಿ ಇದೆ. ದೇವರ ಕೋಪಕ್ಕೆ ಗುರಿಯಾಗುತ್ತೀಯ ಎಂದು ಮತದಾರನನ್ನು ನಂಬಿಸುವುದು, ನಂಬಿಸಲು ನೋಡುವುದು ಚುನಾವಣಾ ಅಕ್ರಮ. ಅವನಿಗೇ ಆಗಬೇಕೆಂದಿಲ್ಲ, ಅವನಿಗೆ ಬೇಕಾದವರಿಗೆ ಆಗುತ್ತದೆ ಎಂದು ಹೇಳಿದರೂ ಅಷ್ಟೇ. ಜಾತಿಯಿಂದ ಹೊರಗೆ ಹಾಕುತ್ತೇವೆ, ಬಹಿಷ್ಕಾರ ಹಾಕುತ್ತೇವೆ ಎನ್ನುವ ಬೆದರಿಕೆಯೂ ಅಲ್ಲೇ ಸೇರಿದೆ. ಈ ಕಾಯ್ದೆ ಬರೆದವರಿಗೆ ನಮ್ಮ ಹಳ್ಳಿ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ. ಹಣ, ಹೆಂಡದ ಸಾಲಿನಲ್ಲಿ ದೇವರ ಕೋಪವನ್ನೂ ಬರೆದಿಟ್ಟಿದ್ದಾರೆ.

ಆದ್ದರಿಂದ ನಿಮ್ಮ ಸ್ವಾಮೀಜಿ, 'ಇವರು ಒಳ್ಳೆಯವರು, ನನಗೆ ಇವರ ಮೇಲೆ ವಿಶ್ವಾಸ' ಎಂದರೆ ಈ ಉಪಸೆಕ್ಷನ್ ಮುಟ್ಟುವುದಿಲ್ಲ. 'ಇವರಿಗೆ ಹಾಕದಿದ್ದರೆ ಮಠಕ್ಕೆ ದ್ರೋಹ' ಎಂದರೆ ಮುಟ್ಟುತ್ತದೆ. ನಡುವೆ ಹಾರ ಹಾಕಿ, ತಲೆಯ ಮೇಲೆ ಕೈ ಇಟ್ಟ ಫೋಟೋ ಇದೆಯಲ್ಲ, ಮರುದಿನ ಎಲ್ಲರ ವಾಟ್ಸಾಪಿನಲ್ಲಿ ಓಡಾಡುವುದು, ಅದನ್ನು ಯಾವ ಕೋರ್ಟೂ ಹಿಡಿಯಲಾರದು. ಹಿಡಿಯಬೇಕು ಎಂದು ನನಗೂ ಅನಿಸುವುದಿಲ್ಲ. ಆದರೆ ಜಾಗದ ವಿಷಯದಲ್ಲಿ ಕಾನೂನು ಬಿಗಿ. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯುವ 1988ರ ಕಾಯ್ದೆ ಪ್ರಕಾರ ಮಠ, ಮಸೀದಿ, ಚರ್ಚು, ಗುಡಿಯ ಜಾಗವನ್ನಾಗಲಿ ಹಣವನ್ನಾಗಲಿ ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ. ಜಾತ್ರೆ, ಉತ್ಸವ, ಮೆರವಣಿಗೆಗಳನ್ನೂ ಬಳಸುವಂತಿಲ್ಲ. ಐದು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ ಇದೆ. ಪಂಜಾಬಿನ ಉಗ್ರವಾದದ ದಿನಗಳಲ್ಲಿ, ಸ್ವರ್ಣಮಂದಿರದ ಘಟನೆಗಳ ಬೆನ್ನಿಗೆ ಬಂದ ಕಾಯ್ದೆ ಇದು. ಚುನಾವಣಾ ನೀತಿ ಸಂಹಿತೆಯೂ ಪೂಜಾಸ್ಥಳಗಳನ್ನು ಪ್ರಚಾರದ ವೇದಿಕೆ ಮಾಡಬೇಡಿ ಎನ್ನುತ್ತದೆ.

ಧರ್ಮದ ಹೆಸರಿನಲ್ಲಿ ವೋಟು ಕೇಳಬಾರದು ಎನ್ನುವ ಪ್ರಸಿದ್ಧ ನಿಯಮ ದೈವಕೋಪದ ಆ ಎರಡನೇ ಉಪಸೆಕ್ಷನ್ ಅಲ್ಲ, ಅದರ ಪಕ್ಕದ್ದು. ಅದು 123ರ ಮೂರನೇ ಉಪಸೆಕ್ಷನ್. ಅಭ್ಯರ್ಥಿಯೋ ಅವನ ಏಜೆಂಟೋ 'ಅವನ' ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆಯ ಆಧಾರದ ಮೇಲೆ ವೋಟು ಕೇಳಬಾರದು. ಯಾರ ಧರ್ಮ ಎಂಬ ಬಗ್ಗೆ ದಶಕಗಟ್ಟಲೆ ವಾದ ನಡೆಯಿತು. 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಏಳು ಜಡ್ಜುಗಳ ಪೀಠ 4-3ರಿಂದ ತೀರ್ಮಾನಿಸಿತು: ಅಭ್ಯರ್ಥಿಯದು, ಎದುರಾಳಿಯದು, ಮತದಾರನದು, ಎಲ್ಲವೂ ಸೇರುತ್ತದೆ.

ಪತ್ರಿಕೆಗಳು ಇದನ್ನು ಧರ್ಮನಿರಪೇಕ್ಷತೆಯ ಗೆಲುವು ಎಂದು ಬರೆದವು. ನನಗೆ ಅಷ್ಟು ಖುಷಿ ಆಗಲಿಲ್ಲ. ಭಿನ್ನಮತದ ಮೂವರು ಜಡ್ಜುಗಳ ಪರ ಬರೆದ ನ್ಯಾಯಮೂರ್ತಿ ಚಂದ್ರಚೂಡ್ ಅವರ ತೀರ್ಪಿನಲ್ಲಿ ನಮ್ಮ ಸಮಾಜದ ಪರಿಚಯ ಹೆಚ್ಚು ಇದೆ. ಧರ್ಮ, ಜಾತಿ, ಭಾಷೆಯ ಕಾರಣಕ್ಕೇ ಜನ ಅನ್ಯಾಯ ಅನುಭವಿಸಿದ್ದಾರೆ. ಆ ನೋವನ್ನು ಚುನಾವಣೆಯಲ್ಲಿ ಹೇಳಿಕೊಳ್ಳಬಾರದು ಎಂದರೆ ಪ್ರಜಾಪ್ರಭುತ್ವದಲ್ಲಿ ಉಳಿಯುವುದಾದರೂ ಏನು ಎಂಬುದು ಅವರ ವಾದದ ತಿರುಳು. ಒಬ್ಬ ಅಭ್ಯರ್ಥಿ ದಲಿತ ಕ್ರೈಸ್ತರ ಸಮಸ್ಯೆ ಎತ್ತಿದರೆ, ವಕ್ಫ್ ಆಸ್ತಿಯ ಒತ್ತುವರಿ ಬಗ್ಗೆ ಮಾತಾಡಿದರೆ, ಹಿಂದೂ ದೇವಸ್ಥಾನಗಳ ಹುಂಡಿ ಹಣದ ಬಗ್ಗೆ ಪ್ರಶ್ನೆ ಕೇಳಿದರೆ ಅದು ಧರ್ಮದ ಮೇಲೆ ವೋಟು ಕೇಳಿದಂತೆಯೇ? ಬಹುಮತದ ತೀರ್ಪನ್ನು ಅಕ್ಷರಕ್ಕೆ ಅಕ್ಷರ ಹಿಡಿದರೆ ಇಂಥ ಮಾತುಗಳ ಮೇಲೂ ಕತ್ತಿ ತೂಗುತ್ತದೆ. 'ನಾನು ನಿನ್ನ ಧರ್ಮದವನು, ಅದಕ್ಕೇ ನನಗೆ ಹಾಕು' ಎನ್ನುವುದು ಬೇರೆ. 'ನಿನ್ನ ಧರ್ಮದವರಿಗೆ ಈ ಅನ್ಯಾಯ ಆಗಿದೆ, ಸರಿಪಡಿಸುತ್ತೇನೆ' ಎನ್ನುವುದು ಬೇರೆ. ಎರಡನೆಯದಕ್ಕೆ ಜನ 'ಅನ್ಯಾಯ ಆಗಿಲ್ಲ' ಎಂದೋ 'ನಿನ್ನಿಂದ ಆಗುವುದಿಲ್ಲ' ಎಂದೋ ವಾದಿಸಬಹುದು. ಮೊದಲನೆಯದರಲ್ಲಿ ವಾದಕ್ಕೆ ಜಾಗವೇ ಇಲ್ಲ.

ಈ ನಿಯಮದ ಇನ್ನೊಂದು ತೊಂದರೆ, ಇದು ಹಿಡಿಯುವುದು ಬಾಯಿ ತಪ್ಪಿದವರನ್ನು. ಜಾಣರು ಸಿಗುವುದಿಲ್ಲ. 1987ರಲ್ಲಿ ಮುಂಬೈಯ ವಿಲೇ ಪಾರ್ಲೆ ಉಪಚುನಾವಣೆಯಲ್ಲಿ ಶಿವಸೇನೆಯ ನಾಯಕ ಬಾಳ್ ಠಾಕ್ರೆ ಮಾಡಿದ ಭಾಷಣಗಳಿಗಾಗಿ ಅವರ ಅಭ್ಯರ್ಥಿ ರಮೇಶ್ ಪ್ರಭು ಅವರ ಆಯ್ಕೆ ರದ್ದಾಯಿತು. ಠಾಕ್ರೆಯವರ ಮತದಾನದ ಹಕ್ಕು ಆರು ವರ್ಷ ಹೋಯಿತು. ಆದರೆ ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬಂದದ್ದು 1995ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಆ ವಿಧಾನಸಭೆಯ ಅವಧಿಯೇ ಮುಗಿದು ವರ್ಷಗಳಾಗಿದ್ದವು. ಅದೇ ದಿನ ಇನ್ನೊಂದು ತೀರ್ಪಿನಲ್ಲಿ, ಮಹಾರಾಷ್ಟ್ರದಲ್ಲಿ ಮೊದಲ ಹಿಂದೂ ರಾಜ್ಯ ಸ್ಥಾಪನೆ ಆಗುತ್ತದೆ ಎಂಬ ಮನೋಹರ ಜೋಶಿ ಅವರ ಮಾತು ಬರೀ ಒಂದು ಆಸೆ, ಅದು ಧರ್ಮದ ಮೇಲೆ ವೋಟು ಕೇಳಿದ್ದಲ್ಲ ಎಂದು ಕೋರ್ಟ್ ಹೇಳಿತು. ತೀರ್ಪು ಬರುವಾಗ ಜೋಶಿ ಮುಖ್ಯಮಂತ್ರಿ. ಅಭಿರಾಮ್ ಸಿಂಗ್ ಪ್ರಕರಣ ಯಾವ ಚುನಾವಣೆಯದು ಗೊತ್ತೇ? 1990ರದು. ತೀರ್ಪು 2017ರಲ್ಲಿ. ಚುನಾವಣಾ ಅರ್ಜಿಯ ವಿಚಾರಣೆಯನ್ನು ಆರು ತಿಂಗಳಲ್ಲಿ ಮುಗಿಸ​ಲು ನೋಡಬೇಕು ಎಂದು ಅದೇ ಕಾಯ್ದೆಯಲ್ಲಿ ಬರೆದಿದೆ, ನಗಬೇಡಿ.

ನಿಮ್ಮ ಪತ್ರ ಬಂದಾಗ ನನ್ನ ಕಣ್ಣು ಆಣೆಯ ಮೇಲೆ ನಿಂತದ್ದು ಇದಕ್ಕೇ. ವೇದಿಕೆಯ ಮೇಲೆ ಮಾಡುವ ಭಾಷಣಕ್ಕೆ ಉತ್ತರವಾಗಿ ಎದುರು ಪಕ್ಷದವರು ಇನ್ನೊಂದು ಭಾಷಣ ಮಾಡುತ್ತಾರೆ. ನಿಮ್ಮ ಜಗಲಿಯಲ್ಲಿ, ಫೋಟೋ ಮುಂದೆ, ಪಿಸುಮಾತಿನಲ್ಲಿ ಹಾಕಿಸಿದ ಆಣೆಗೆ ಯಾರು ಉತ್ತರ ಹೇಳುತ್ತಾರೆ? ಮತಗಟ್ಟೆಯಲ್ಲಿ ಪರದೆ ಕಟ್ಟುವುದು ನಿಮಗೆ ದುಡ್ಡು ಕೊಟ್ಟವನು, ಹೆದರಿಸಿದವನು, ಯಜಮಾನ, ಗಂಡ, ಯಾರೂ ನೋಡಬಾರದು ಎಂದು. ಆಣೆ ಹಾಕಿಸುವವರಿಗೆ ಇದು ಚೆನ್ನಾಗಿ ಗೊತ್ತು. ಪರದೆಯ ಹಿಂದೆಯೂ ನೋಡಬಲ್ಲವನು ದೇವರೊಬ್ಬನೇ ಎಂದು ಅವನನ್ನೇ ಏಜೆಂಟ್ ಮಾಡಿ ಕೂರಿಸುತ್ತಾರೆ. ದೇವರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆಣೆಯ ಭಯ ಎಷ್ಟು ಆಳದ್ದು ಎನ್ನುವುದು ರಾಜಕಾರಣಿಗಳಿಗೂ ಗೊತ್ತು. 2011ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಮತ್ತು ಎಚ್.ಡಿ. ಕುಮಾರಸ್ವಾಮಿ ಆಣೆ ಪ್ರಮಾಣದ ಸವಾಲು ಹಾಕಿಕೊಂಡು ಧರ್ಮಸ್ಥಳಕ್ಕೆ ಹೋದರು. ಇಬ್ಬರೂ ಪೂಜೆ ಮಾಡಿಸಿ ಬಂದರು, ಆಣೆ ಮಾತ್ರ ಆಗಲಿಲ್ಲ.

ಕಾನೂನಿನ ಲೆಕ್ಕದಲ್ಲಿ ನಿಮ್ಮ ಬೀದಿಯಲ್ಲಿ ಎರಡು ಅಕ್ರಮ ನಡೆದಿವೆ. ದುಡ್ಡು ಹಂಚಿದ್ದು ಲಂಚ. ಆಣೆ ಹಾಕಿಸಿದ್ದು, ನನ್ನ ಓದಿನ ಪ್ರಕಾರ, ಮೇಲೆ ಹೇಳಿದ ದೈವಕೋಪದ ಮಾತಿಗೆ ನೇರವಾಗಿ ಬರುತ್ತದೆ. ಅಭ್ಯರ್ಥಿಯ ಒಪ್ಪಿಗೆ ಇತ್ತು ಎಂದು ಸಾಬೀತಾದರೆ ಆಯ್ಕೆ ರದ್ದಾಗಬಹುದು. ಅದಿಲ್ಲದೆಯೂ ಹಾಗೆ ಮಾಡಿದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೇಸು ಹಾಕಬಹುದು. ಒಂದು ಕಹಿ ಮಾತನ್ನೂ ಹೇಳಬೇಕು. ವೋಟಿಗಾಗಿ ದುಡ್ಡು ತೆಗೆದುಕೊಳ್ಳುವುದೂ ಲಂಚವೇ. ನಿಮ್ಮ ಮನೆಯವರು ಪೂರ್ತಿ ನಿರಪರಾಧಿಗಳಲ್ಲ.

ಆಣೆ ಮುರಿಯಬಹುದೇ? ಕಾನೂನು ಕೇಳಿದರೆ, ಕಾನೂನುಬಾಹಿರ ಉದ್ದೇಶದ ಕರಾರಿಗೆ ಬೆಲೆ ಇಲ್ಲ ಎಂದು 1872ರ ಕರಾರು ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಆದರೆ ನಿಮ್ಮ ಮನೆಯವರ ಭಯ ಆ ಕಾಯ್ದೆ ಓದಿದರೆ ಹೋಗುವಂಥದ್ದಲ್ಲ. ಮಗುವಿಗೆ ಏನಾದರೂ ಆದರೆ ಎಂಬ ಭಯ ಅದು. ಇಲ್ಲಿ ವಕೀಲರಿಗಿಂತ ನಿಮ್ಮ ಸ್ವಾಮೀಜಿ ಹೆಚ್ಚು ಕೆಲಸಕ್ಕೆ ಬರುತ್ತಾರೆ. ಮುಂದಿನ ಚುನಾವಣೆಗೆ ಮೊದಲು ಅವರ ಹತ್ತಿರ ಹೋಗಿ, ದುಡ್ಡು ಕೊಟ್ಟು ಹಾಕಿಸಿದ ಆಣೆ ಆಣೆಯೇ ಅಲ್ಲ, ಅದನ್ನು ಮುರಿದರೆ ಯಾವ ದೋಷವೂ ಇಲ್ಲ ಎಂದು ಮಠದ ಸಭೆಯಲ್ಲಿ ಒಂದು ಮಾತು ಹೇಳಿ ಎಂದು ಕೇಳಿಕೊಳ್ಳಿ. ಯಾವ ಪಕ್ಷದ ಹೆಸರೂ ಎತ್ತಬೇಕಾಗಿಲ್ಲ. 1988ರ ಕಾಯ್ದೆಗೂ ಇದರಿಂದ ಧಕ್ಕೆ ಇಲ್ಲ, ಇದು ಯಾರ ಪರವೂ ಪ್ರಚಾರ ಅಲ್ಲ. ನಂಬಿಕೆ ಹೊಸಿಲು ದಾಟಿ ಬಂದು ಮಾಡಬಹುದಾದ ಒಳ್ಳೆಯ ಕೆಲಸ ಏನು ಎಂದು ಗೆಳೆಯ ಕೇಳಿದರೆ ಇದನ್ನೇ ತೋರಿಸಿ.

ದೂರಿನ ವಿಷಯ. ಕಳೆದ ಚುನಾವಣೆಗೆ ಈಗ ತಡ ಆಗಿರುವ ಸಾಧ್ಯತೆ ಹೆಚ್ಚು, ಯಾಕೆಂದರೆ ಚುನಾವಣಾ ಅರ್ಜಿಯನ್ನು ಆಯ್ಕೆಯಾದ 45 ದಿನದೊಳಗೆ ಹೈಕೋರ್ಟಿಗೆ ಹಾಕಬೇಕು. ಸೋತ ಅಭ್ಯರ್ಥಿಯೇ ಹಾಕಬೇಕೆಂದಿಲ್ಲ, ಆ ಕ್ಷೇತ್ರದ ಯಾವ ಮತದಾರನೂ ಹಾಕಬಹುದು. ಎರಡು ಸಾವಿರ ರೂಪಾಯಿ ಠೇವಣಿ ಇಡಬೇಕು. ಸಾಕ್ಷಿ ಮಾತ್ರ ಗಟ್ಟಿ ಇರಬೇಕು. ಇಂಥ ಆರೋಪವನ್ನು ಕೋರ್ಟುಗಳು ಕ್ರಿಮಿನಲ್ ಕೇಸಿನಷ್ಟೇ ಬಿಗಿಯಾಗಿ ನೋಡುತ್ತವೆ. ಮುಂದಿನ ಸಲ ಯಾರಾದರೂ ಫೋಟೋ ಹಿಡಿದು ಬಾಗಿಲಿಗೆ ಬಂದರೆ, ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಅಲ್ಲೇ ನಿಂತು ವಿಡಿಯೋ ತೆಗೆದು ಕಳಿಸಿ. ಹೆಸರು ಹೇಳದೆಯೂ ಕಳಿಸಬಹುದು. ನೂರು ನಿಮಿಷದಲ್ಲಿ ಕ್ರಮ ಆಗಬೇಕು ಎಂಬುದು ಆಯೋಗದ ನಿಯಮ. ಮೊದಲೇ ತೆಗೆದಿಟ್ಟ ವಿಡಿಯೋವನ್ನು ಗ್ಯಾಲರಿಯಿಂದ ಹಾಕಲು ಆ ಆ್ಯಪ್ ಬಿಡುವುದಿಲ್ಲ, ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಸ್ಮಾರ್ಟ್‌ಫೋನ್ ಇಲ್ಲದಿದ್ದರೆ 1950ಕ್ಕೆ ಫೋನ್ ಮಾಡಿ.